ಕೋಡಿಗೆ ಜಾಗ ಬಿಡು, ತಮ್ಮಾ

ತಮ್ಮಾ, ನೀನು ಹಾಳೆಯ ಮೇಲೆ ಬರೆದು ತೋರಿಸಿದ ಲೆಕ್ಕದಲ್ಲಿ ಕೂಡಿಸುವ ಕಳೆಯುವ ತಪ್ಪೇನೂ ಇಲ್ಲ. ಹೊಲದ ತುಂಬ ಒಂದೇ ಹೈಬ್ರಿಡ್ ಮೆಣಸಿನಕಾಯಿ, ಅದಕ್ಕೆ ಹನಿ ನೀರಾವರಿ, ಬದುವಿನ ಮೇಲಿನ ಗಿಡ ಕಡಿಸಿ ಇನ್ನೆರಡು ಸಾಲು, ಹಳ್ಳದ ಕಡೆಯ ತಗ್ಗಿಗೆ ಮಣ್ಣು ಹೊಡೆಸಿ ಅಲ್ಲೂ ಅಗಿ. ಸಿವಿಲ್ ಓದಿದವನ ಕಣ್ಣು ನಿನ್ನದು, ಖಾಲಿ ಜಾಗ ಕಂಡರೆ ಸಮಾಧಾನವಾಗುವುದಿಲ್ಲ. ಆದರೆ ಆ ಹಾಳೆಯಲ್ಲಿರುವುದು ಒಳ್ಳೆಯ ವರ್ಷದ ಲೆಕ್ಕ ಮಾತ್ರ. ಕೆಟ್ಟ ವರ್ಷಕ್ಕೆ ಇನ್ನೊಂದು ಹಾಳೆ ಬೇಕು. ಅದನ್ನು ಬರೆಯಲು ಕೂತರೆ, ಮೊದಲ ಹಾಳೆಯಲ್ಲಿ ದಂಡ ಎಂದು ನೀನು ಹೊಡೆದುಹಾಕಿದ್ದರಲ್ಲಿ ಅರ್ಧಕ್ಕರ್ಧ ಜಮೆಯ ಕಡೆಗೆ ಬರುತ್ತದೆ. ನನ್ನ ಮಾತು ಇಷ್ಟೇ. ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ವರದೆಯ ಗುಂಟ ನಡೆದರೆ ಸಿಗುತ್ತದೆ.

ನಮ್ಮ ಹೊಸರಿತ್ತಿಯ ಮಗ್ಗುಲಲ್ಲಿ ಹರಿಯುವ ವರದೆ ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ನಮ್ಮನ್ನು ದಾಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಆ ನೀರು ಮುಂದೆ ಹೋಗಿ ನಿಲ್ಲುವುದು ಹೊಸಪೇಟೆಯ ಅಣೆಕಟ್ಟಿನಲ್ಲಿ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿ ನಡೆದದ್ದನ್ನು ನೀನೂ ಟಿವಿಯಲ್ಲಿ ನೋಡಿದ್ದೀ. 33 ಕ್ರಸ್ಟ್‌ಗೇಟುಗಳ ಪೈಕಿ 19ನೆಯದರ ಚೈನು ಕಡಿದು ಇಡೀ ಗೇಟು ಕೊಚ್ಚಿಕೊಂಡು ಹೋಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು ಅದು.

ಟಿವಿಯವರು ಚೈನು ಕಡಿದದ್ದನ್ನೇ ದೊಡ್ಡದು ಮಾಡಿದರು. ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. 1953ರಿಂದ ನೀರು ಹಿಡಿದ ಅಣೆಕಟ್ಟು, ಎಪ್ಪತ್ತು ವರ್ಷ ನೀರುಂಡ ಕಬ್ಬಿಣ ಎಂದಾದರೂ ಕಡಿಯುವುದೇ. ಎಂಜಿನಿಯರ್ ಆದ ನೀನು ನೋಡಬೇಕಾದ್ದು ಬೇರೆ ಇದೆ. ನೀರಿನ ಬಾಗಿಲು ಒಂದೇ ಆಗಿರದೆ 33 ಆಗಿ ಹಂಚಿಹೋಗಿತ್ತು. ಹಾಗಾಗಿ ಕೇಡು ಒಂದರಲ್ಲೇ ನಿಂತಿತು, ಉಳಿದವುಗಳನ್ನು ಎತ್ತಿ ನೀರು ಬಿಟ್ಟು ಒತ್ತಡ ಇಳಿಸಲು ಸಾಧ್ಯವಾಯಿತು. ಕಟ್ಟಿದವರ ಜಾಣತನ ಅದು. ಇನ್ನು ಕೊರತೆ ಕೇಳು. ಗೇಟು ಹೋದರೆ ಆ ಕಿಂಡಿಗೆ ಇಳಿಬಿಡಲು ತಯಾರಿರಬೇಕಾದ ಸ್ಟಾಪ್‌ಲಾಗ್ ಅಲ್ಲಿರಲಿಲ್ಲ. ಹಿರಿಯ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು, ಅಳತೆ ತೆಗೆದರು, ಉಕ್ಕಿನ ಹಲಗೆಗಳನ್ನು ಬಿಡಿಬಿಡಿಯಾಗಿ ಮಾಡಿಸಿದರು, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿ ಆಗಸ್ಟ್ 17ರ ಹೊತ್ತಿಗೆ ಕಿಂಡಿ ಮುಚ್ಚಿದರು. ಅಷ್ಟರೊಳಗೆ ಎಷ್ಟೋ ಟಿಎಂಸಿ ನೀರು ಹೊಳೆಯ ಪಾಲಾಗಿತ್ತು. ಪುಣ್ಯಕ್ಕೆ ಮಳೆ ಕೈಹಿಡಿಯಿತು, ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿ ಮುಖ್ಯಮಂತ್ರಿಗಳು ಬಾಗಿನ ಕೊಟ್ಟರು.

ಈಗ ಒಂದು ಯೋಚನೆ ಮಾಡು. ಆ ಉಕ್ಕಿನ ಹಲಗೆಗಳನ್ನು ಮೊದಲೇ ಮಾಡಿಸಿ ಒಂದು ಶೆಡ್ಡಿನಲ್ಲಿ ಇಟ್ಟಿದ್ದರೆ, ಎಪ್ಪತ್ತು ವರ್ಷವೂ ಲೆಕ್ಕ ತಪಾಸಣೆಗೆ ಬಂದವರು 'ಇದು ಯಾತಕ್ಕೆ ಬಿದ್ದದ' ಎಂದು ಕೇಳುತ್ತಿದ್ದರು. ಕೇಳಿದವರ ತಪ್ಪಲ್ಲ. ಒಳ್ಳೆಯ ವರ್ಷಗಳಲ್ಲಿ ಅದಕ್ಕೆ ಉತ್ತರವೇ ಇರುವುದಿಲ್ಲ. ಇನ್ನೊಂದು ಮಾತೂ ಇದರ ಜೊತೆಗೇ ಬರುತ್ತದೆ. ಚೈನು ಒಂದೇ ರಾತ್ರಿಯಲ್ಲಿ ಕಡಿಯಿತು, ಸುದ್ದಿಯಾಯಿತು. ಆದರೆ ಅದೇ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು 105.78. ಉಳಿದ ಜಾಗವನ್ನು ಹೂಳು ತಿಂದಿದೆ, ಸದ್ದಿಲ್ಲದೆ, ನಮ್ಮ ನಿಮ್ಮ ಹೊಲಗಳ ಮೇಲ್ಮಣ್ಣನ್ನೇ ತಿಂದು. ತಾಳುವ ಶಕ್ತಿ ಹೆಚ್ಚಾಗಿ ಹೀಗೇ ಕಳೆದುಹೋಗುತ್ತದೆ. ಕಡಿದಾಗ ಮಾತ್ರ ನಮಗೆ ಗೊತ್ತಾಗುತ್ತದೆ.

ಹಿಂದಿನವರು ಕೆರೆ ಕಟ್ಟುವಾಗ ಏರಿ, ತೂಬು, ಕೋಡಿ ಮೂರನ್ನೂ ಒಟ್ಟಿಗೇ ಯೋಚಿಸಿದರು. ಏರಿ ನೀರು ಹಿಡಿಯುತ್ತದೆ, ತೂಬು ಗದ್ದೆಗೆ ಕೊಡುತ್ತದೆ, ಅವೆರಡಕ್ಕೂ ವರ್ಷವಿಡೀ ಮರ್ಯಾದೆ. ಹೆಚ್ಚಾದ ನೀರನ್ನು ಹೊರಬಿಡುವ ಕೋಡಿಗೆ ಮಾತ್ರ ಎಷ್ಟೋ ವರ್ಷ ಕೆಲಸವೇ ಇರುವುದಿಲ್ಲ. ಕೆಲಸವಿಲ್ಲ ಎಂದು ಅದರ ಮುಂದೆ ಜಾಲಿ ಬೆಳೆಯುತ್ತದೆ, ಮೊದಲು ಒಬ್ಬರು ದನ ಕಟ್ಟುತ್ತಾರೆ, ಆಮೇಲೆ ತಿಪ್ಪೆ ಬರುತ್ತದೆ, ತಿಪ್ಪೆಯ ಹಿಂದೆ ತಗಡಿನ ಶೆಡ್ಡು. ಕೆಲವೆಡೆ ಇನ್ನಷ್ಟು ನೀರು ನಿಲ್ಲಲಿ ಎಂಬ ಆಸೆಗೆ ಕೋಡಿಯ ಮೇಲೇ ಮರಳಿನ ಚೀಲ ಪೇರಿಸುತ್ತಾರೆ. ಕೋಡಿ ಕಟ್ಟಿದ ಕೆರೆ ತುಂಬಿದರೆ ನೀರು ಏರಿಯ ಮೇಲೆ ತನ್ನ ದಾರಿ ಮಾಡಿಕೊಳ್ಳುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿಯಲು ಹತ್ತಿತೆಂದರೆ ಮುಗಿಯಿತು, ಒಂದು ಕೊರಕಲು ಬೀಳುವುದೇ ತಡ, ಉಳಿದ ಕೆಲಸವನ್ನು ನೀರೇ ಮಾಡಿ ಮುಗಿಸುತ್ತದೆ.

ವರದೆಯ ಮೇಲಿನ ಬಾಂದಾರಗಳೂ ಇದೇ ತಿಳಿವಳಿಕೆಯವು. ಕೊಲ್ಲಾಪುರ ಮಾದರಿಯ ಬಾಂದಾರದಲ್ಲಿ ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆದು ಹೊಳೆಗೆ ದಾರಿ ಬಿಡುತ್ತಾರೆ, ನೆರೆ ಇಳಿದ ಮೇಲೆ ಹಲಗೆ ಕೂಡಿಸಿ ಬೇಸಿಗೆಗೆ ನೀರು ನಿಲ್ಲಿಸುತ್ತಾರೆ. ಹೊಳೆಯ ಎದುರು ಎದೆಯೊಡ್ಡಿ ನಿಲ್ಲುವ ಹಟವೇ ಅದಕ್ಕಿಲ್ಲ. ಆದರೆ ಹಲಗೆ ತುಕ್ಕು ಹಿಡಿದು ಕಚ್ಚಿಕೊಂಡರೆ, ಅಥವಾ ತೆಗೆಯಬೇಕಾದವರು ತೆಗೆಯದಿದ್ದರೆ, ಹೊಳೆ ಬಾಂದಾರವನ್ನು ಬಳಸಿ ದಂಡೆಯ ಹೊಲವನ್ನು ಕೊರೆದುಕೊಂಡು ಹೋಗುತ್ತದೆ. 2019ರ ಆಗಸ್ಟಿನ ನೆರೆಯಲ್ಲಿ ವರದೆ ದಂಡೆ ದಾಟಿ ಹರಿದದ್ದನ್ನು ನೀನೇ ಕಂಡಿದ್ದೀ. ಹಳ್ಳದ ಕಡೆಯ ತಗ್ಗಿಗೆ ಮಣ್ಣು ಹೊಡೆಸುತ್ತೇನೆ ಎಂದೆಯಲ್ಲ, ಅದು ನಮ್ಮ ಹೊಲದ ಕೋಡಿ. ಅಲ್ಲಿ ಹುಲ್ಲು ಬಿಡು, ಎಮ್ಮೆ ಮೇಯಲಿ.

ಗಳಗನಾಥಕ್ಕೆ ಹೋದಾಗ ಗಳಗೇಶ್ವರನಿಗೆ ಕೈಮುಗಿದು ಸೀದಾ ತಿರುಗಿ ಬರಬೇಡ, ಗುಡಿಯ ಹಿಂದಕ್ಕೆ ಹೋಗಿ ನೋಡು. ಚಾಲುಕ್ಯರ ಕಾಲದ ಗುಡಿ, ಎರಡು ಹೊಳೆಗಳು ಕೂಡುವ ಜಾಗದಲ್ಲಿದೆ. ಗರ್ಭಗುಡಿಯ ಗೋಡೆ ನೆಟ್ಟಗೆ ನೆಲಕ್ಕೆ ಇಳಿಯದೆ, ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತ ಕೂತಿದೆ. ಹೊಳೆಯ ಮಗ್ಗುಲಿನ ಮಣ್ಣಿನಲ್ಲಿ ಶಿಖರದ ಭಾರವನ್ನು ಹಂಚಲು ಹಾಗೆ ಮಾಡಿದರು ಎಂದು ನಾನು ತಿಳಿದಿದ್ದೇನೆ. ಅಷ್ಟು ಕಲ್ಲಿನಲ್ಲಿ ಇನ್ನೊಂದು ಚಿಕ್ಕ ಗುಡಿ ಆಗುತ್ತಿತ್ತು. ಅವರು ಇದ್ದ ಗುಡಿಗೇ ಪಾದ ಕೊಟ್ಟರು.

ಇನ್ನು ಹೊಲದ ಮಾತು. ನಮ್ಮ ಎರಿ ಹೊಲದ ಹಳೆಯ ಪದ್ಧತಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುವುದು. ಹಳೇ ಧಾರವಾಡ ಜಿಲ್ಲೆಯ ಮಳೆಯಾಶ್ರಿತ ರೈತರು ಕಂಡುಕೊಂಡ ಜೋಡಣೆ ಇದು, ಕೃಷಿ ವಿಜ್ಞಾನಿಗಳೂ ಇದರ ಮೇಲೆ ಪ್ರಬಂಧ ಬರೆದಿದ್ದಾರೆ. ಉಳ್ಳಾಗಡ್ಡಿಯ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ, ಮುಂಗಾರಿ ಮಳೆ ಕುಡಿದು ಮೊದಲು ಕೈಗೆ ಬಂದು ಮೆಣಸಿನಕಾಯಿಯ ಖರ್ಚಿಗೆ ರೊಕ್ಕ ಕೊಡುತ್ತದೆ. ಅದು ಎದ್ದ ಮೇಲೆ ಮೆಣಸಿನಗಿಡಕ್ಕೆ ಗಾಳಿ ಬೆಳಕು. ಹತ್ತಿಯ ತಾಯಿಬೇರು ಆಳಕ್ಕೆ ಇಳಿದು, ಹಿಂಗಾರಿ ಕೈಕೊಟ್ಟರೂ ಎರಿಮಣ್ಣಿನ ತಳದ ಹಸಿಯಲ್ಲಿ ಬೇಸಿಗೆ ಹತ್ತಿರವಾಗುವವರೆಗೆ ನಿಲ್ಲುತ್ತದೆ. ಮುಂಗಾರಿ ಕೆಟ್ಟರೆ ಒಂದು ಹೋಯಿತು, ಹಿಂಗಾರಿ ಕೆಟ್ಟರೆ ಇನ್ನೊಂದು. ಮೂರೂ ಒಂದೇ ಏಟಿಗೆ ಹೋಗುವುದು ಅಪರೂಪ. ಹಾಗೆಂದು ಮೂರೂ ಭರ್ಜರಿಯಾಗಿ ಬರುವುದೂ ಅಪರೂಪ. ಅದನ್ನು ಮುಚ್ಚಿಟ್ಟು ನಿನಗೆ ಹಳೆಯದನ್ನು ಹೊಗಳಿ ಹೇಳಲಾರೆ. ಕಳೆ ತೆಗೆಯಲು, ಬಿಡಿಸಲು ಆಳು ಹೆಚ್ಚು ಬೇಕು, ಇವತ್ತಿನ ಕೂಲಿಯಲ್ಲಿ ಅದು ಸಣ್ಣ ಮಾತಲ್ಲ.

ಹತ್ತಿಯ ಕಥೆಯನ್ನು ಪ್ರತ್ಯೇಕ ಹೇಳಬೇಕು. ಜಯಧರ ಎಂಬ ದೇಸಿ ಹತ್ತಿ ನಮ್ಮ ಭಾಗದಲ್ಲಿ ಬಹಳ ಕಾಲ ಇತ್ತು, ಇಳುವರಿ ಕಡಿಮೆ, ಆದರೆ ಬರಕ್ಕೂ ಹುಳಕ್ಕೂ ಬಗ್ಗುತ್ತಿರಲಿಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಹೈಬ್ರಿಡ್ ತಂದರು, 1981ರಲ್ಲಿ ಡಿಸಿಎಚ್-32 ಬಂತು, 2002ರಲ್ಲಿ ಬಿಟಿಗೆ ಒಪ್ಪಿಗೆ ಸಿಕ್ಕಿತು. ಬಿಟಿ ಪಾಕೀಟಿನಲ್ಲಿ 450 ಗ್ರಾಂ ಬೀಜದ ಜೊತೆಗೆ 120 ಗ್ರಾಂ ಬಿಟಿ ಅಲ್ಲದ ಬೀಜದ ಸಣ್ಣ ಚೀಲ ಇರುತ್ತಿತ್ತು. ಹೊಲದ ಸುತ್ತ ಅದನ್ನು ಹಾಕಿ ಎನ್ನುತ್ತಿದ್ದರು. ಅಲ್ಲಿ ಹುಳ ಬೀಳಲಿ, ಬಿಟಿ ಗಿಡದ ವಿಷಕ್ಕೆ ಒಗ್ಗದ ಹುಳಗಳೂ ಉಳಿಯಲಿ, ಒಗ್ಗಿದ ಒಂದೆರಡರ ಜೊತೆ ಅವು ಕೂಡಿ ಒಗ್ಗುವ ಗುಣ ಹಬ್ಬದಂತೆ ತಡೆಯಲಿ ಎಂಬುದು ಅದರ ಮರ್ಮ. ಹುಳಕ್ಕೆ ಬಿಟ್ಟುಕೊಡುವ ಬೆಳೆ! ಯಾವ ರೈತ ಒಪ್ಪುತ್ತಾನೆ? ಬಹಳ ಮಂದಿ ಆ ಚೀಲವನ್ನು ಬದುವಿಗೆ ಎಸೆದರು. ಮುಂದೆ ಗುಲಾಬಿ ಕಾಯಿಕೊರಕ ಬಿಟಿಯನ್ನು ಜೀರ್ಣಿಸಿಕೊಂಡು ತಿರುಗಿ ಬಂತು. ಬೀಜದವರು ಆ ಚೀಲದ ಗುಟ್ಟನ್ನು ರೈತನಿಗೆ ಅರ್ಥವಾಗುವಂತೆ ಹೇಳಲಿಲ್ಲ ಎಂಬ ಸಿಟ್ಟು ನನಗಿದೆ. ಆದರೂ ದಂಡ ಎಂದು ಎಸೆದದ್ದೇ ಬೆಳೆಯ ಕಾವಲಾಗಿತ್ತು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಒಂದೇ ಬೀಜದ ಅಪಾಯ ನಮಗಷ್ಟೇ ಅಲ್ಲ. ಅಮೆರಿಕದಲ್ಲಿ 1970ರಲ್ಲಿ ಗೋವಿನಜೋಳಕ್ಕೆ ಎಲೆಯಂಗಮಾರಿ ಬಿತ್ತು. ಹೈಬ್ರಿಡ್ ಬೀಜ ಮಾಡುವಾಗ ಗಂಡುಹೂವಿನ ತುರಾಯಿ ಕೀಳುವ ಕೂಲಿ ಉಳಿಸಲು, ಗಂಡು ಬರಡಾದ ಒಂದೇ ಮೂಲದ ತಾಯಿಗಿಡವನ್ನು ಬಹುತೇಕ ಎಲ್ಲ ಕಂಪನಿಗಳೂ ಬಳಸಿದ್ದವು. ಹೊರಗೆ ನೂರು ಹೆಸರು, ಒಳಗೆ ಒಂದೇ ತಾಯಿ. ಆ ತಾಯಿಯ ದೌರ್ಬಲ್ಯ ರೋಗಕ್ಕೆ ಸಿಕ್ಕಿತು, ಆ ದೇಶದ ಬೆಳೆಯಲ್ಲಿ ಸುಮಾರು ಶೇಕಡಾ 15 ಹೋಯಿತು. ರಾಣೆಬೆನ್ನೂರು ಇವತ್ತು ತರಕಾರಿ ಬೀಜೋತ್ಪಾದನೆಗೆ ದೇಶಕ್ಕೇ ಗೊತ್ತಿರುವ ಊರು, ನಮ್ಮ ಹೆಣ್ಣುಮಕ್ಕಳು ಬಲೆಯ ಮನೆಯಲ್ಲಿ ಕೂತು ಹೂವು ಹೂವಿಗೂ ಕ್ರಾಸಿಂಗ್ ಮಾಡುತ್ತಾರೆ. ಅಂಗಡಿಯಲ್ಲಿ ಐದು ಬಣ್ಣದ ಪಾಕೀಟು ಕಂಡಾಗ ಒಳಗಿನ ತಾಯಿ ಯಾರು ಎಂದು ಕೇಳುವ ಬುದ್ಧಿ ಇರಲಿ. ನಮ್ಮ ಹಾವೇರಿ ಜಿಲ್ಲೆ ಗೋವಿನಜೋಳದಲ್ಲಿ ಮುಳುಗಿರುವಾಗಲೇ, 2018ರ ಮೇ ತಿಂಗಳಲ್ಲಿ ಪಕ್ಕದ ಶಿವಮೊಗ್ಗದಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಸಲ ಕಾಣಿಸಿಕೊಂಡಿತು. ಹುಳಕ್ಕೆ ಎದುರಿಗೆ ಎಕರೆಗಟ್ಟಲೆ ಅದೇ ಅನ್ನ ಬಡಿಸಿಟ್ಟಿದ್ದೆವು.

ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳಿಗೆ 2011ರಲ್ಲಿ ಭೌಗೋಳಿಕ ಗುರುತು ಬಂತು. ಖಾರ ಕಡಿಮೆ, ಬಣ್ಣ ಹೆಚ್ಚು, ಸಿಪ್ಪೆ ಸುಕ್ಕು. ಗುರುತು ಬಂದರೆ ಸಾಲದು, ಬೀಜ ಉಳಿಯಬೇಕು. ಮೆಣಸಿನ ಹೂವಿಗೆ ಪರಪರಾಗ ಸುಲಭವಾಗಿ ಸೇರುತ್ತದೆ, ಪಕ್ಕದಲ್ಲೇ ಹೈಬ್ರಿಡ್ ಇದ್ದರೆ ನಾಲ್ಕು ವರ್ಷಕ್ಕೆ ನಿನ್ನ ಡಬ್ಬಿ ಡಬ್ಬಿಯಾಗಿ ಉಳಿಯುವುದಿಲ್ಲ. 2021-22ರಲ್ಲಿ ಹೊಸ ಥ್ರಿಪ್ಸ್ ನುಸಿ ಬಂದು ದಕ್ಷಿಣ ಭಾರತದ ಮೆಣಸಿನ ಹೊಲಗಳನ್ನು ಹಾಳು ಮಾಡಿದಾಗ ಮಂದಿ ಸಿಕ್ಕ ಸಿಕ್ಕ ಎಣ್ಣೆ ಹೊಡೆದರು. ನುಸಿಯನ್ನು ತಿನ್ನುವ ಹುಳಗಳೂ ಸತ್ತವು. ಕೆನಡಾದ ಪರಿಸರ ವಿಜ್ಞಾನಿ ಸಿ.ಎಸ್. ಹಾಲಿಂಗ್ ಅಲ್ಲಿನ ಸ್ಪ್ರೂಸ್ ಕಾಡುಗಳಲ್ಲಿ ಇಂಥದ್ದನ್ನೇ ಕಂಡಿದ್ದ. ಮೊಗ್ಗು ತಿನ್ನುವ ಹುಳಕ್ಕೆ ವರ್ಷ ವರ್ಷ ಔಷಧ ಹೊಡೆದು ಕಾಡನ್ನು ಉಳಿಸಿದೆವು ಎಂದುಕೊಂಡರೆ, ಹುಳ ಎಂದಿಗೂ ಮುಗಿಯದೆ ಸದಾ ಮುಂದಿನ ದಾಳಿಯ ಅಂಚಿನಲ್ಲೇ ಕಾಡು ನಿಂತಿತ್ತು.

ಹಾಲಿಂಗ್ 1973ರಲ್ಲಿ ಬರೆದ ಲೇಖನ ನಿನ್ನಂಥವರು ಓದಬೇಕಾದ್ದು. ಏಟು ಬಿದ್ದ ಮೇಲೆ ಎಷ್ಟು ಬೇಗ ಮೊದಲಿನಂತಾಗುತ್ತದೆ ಎಂದು ನೀವು ಎಂಜಿನಿಯರುಗಳು ಕೇಳುತ್ತೀರಿ. ಅವನು ಕೇಳಿದ್ದು ಬೇರೆ ಪ್ರಶ್ನೆ: ಎಷ್ಟು ಏಟು ತಿಂದರೆ ಅದು ಅದಾಗಿಯೇ ಉಳಿಯದೆ ಇನ್ನೊಂದಾಗಿಬಿಡುತ್ತದೆ? ಇದಕ್ಕೆ ಉತ್ತರ ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿದೆ. ಐವತ್ತರ ದಶಕದಲ್ಲಿ ಅದನ್ನು ಬಂಜರು ಎಂದು ತಿಳಿದು ನೀಲಗಿರಿ ನೆಡಲು ಹತ್ತಿದರು. 1974ರಲ್ಲಿ ಕೃಷ್ಣಮೃಗಕ್ಕಾಗಿ 119 ಚದರ ಕಿಲೋಮೀಟರು ಅಭಯಾರಣ್ಯ ಆಯಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಹೊಂದಿಕೊಂಡು ನಮ್ಮ ಹೊಲಕ್ಕೂ ಬಂತು ಎನ್ನು. ಎರೆಭೂತ ಎಂಬ ಸೊಂಟದೆತ್ತರದ ಹಕ್ಕಿಗೆ ಮಾತ್ರ ದೂರದವರೆಗೆ ಕಣ್ಣು ಹಾಯುವ ಬಯಲೇ ಬೇಕಿತ್ತು. ಬಯಲು ತೋಪಾಯಿತು, ಹಕ್ಕಿ ಹೋಯಿತು. ಇನ್ನು ಎಷ್ಟು ಒಳ್ಳೆಯ ಮಳೆಗಾಲ ಬಂದರೂ ಅದು ತಾನಾಗಿ ತಿರುಗಿ ಬರುವುದಿಲ್ಲ. ಎಲ್ಲವೂ ಚೇತರಿಸಿಕೊಳ್ಳುತ್ತದೆ ಎಂಬ ಭ್ರಮೆ ಇಟ್ಟುಕೊಳ್ಳಬೇಡ.

ಇಷ್ಟು ಹೇಳಿದ ಮೇಲೆ ಇನ್ನೊಂದು ಎಚ್ಚರಿಕೆ. ತಾಳಿಕೆಯ ಮಾತನ್ನು ಈಗ ಎಲ್ಲರೂ ಆಡುತ್ತಾರೆ, ಹೆಚ್ಚಾಗಿ ತಾಳಬೇಕಾದ ಹೊಣೆಯನ್ನು ಕೆಳಗಿನವನ ತಲೆಗೆ ಕಟ್ಟಲು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಬಿತ್ತುವ ವಾರದಲ್ಲಿ ಬೇಕಾದ ಗೊಬ್ಬರವನ್ನು ಮುಂಚೆಯೇ ದಾಸ್ತಾನು ಇಡುವುದು ರೈತನ ಕೈಲಿರುವ ಕೆಲಸವಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಬಿದ್ದು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿಯಲ್ಲ. ಆದರೆ ವರ್ಷದ ದುಡಿಮೆಯನ್ನೆಲ್ಲ ಒಂದೇ ಪೇಟೆಗೆ, ಒಂದೇ ದಿನದ ಟೆಂಡರಿಗೆ ತಂದು ಸುರಿಯುವ ವ್ಯವಸ್ಥೆಗೂ ಕೋಡಿ ಇರಲಿಲ್ಲ. ನಿನ್ನ ಹೊಲದಲ್ಲಿ ನೀನು ಎಷ್ಟೇ ಜಾಣನಾದರೂ ಆ ಕೋಡಿಯನ್ನು ಸರಕಾರ ಕಟ್ಟಬೇಕು, ಕಟ್ಟುವಂತೆ ನಾವು ಕೇಳಬೇಕು.

ಹಿಂದೆ ಊರೂರಿಗೆ ಹಗೇವು ಇದ್ದವು. ನೆಲದೊಳಗೆ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ಗಾಳಿಯಾಡದೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ಕೂಡಲೇ ಇಳಿಯುವಂತಿರಲಿಲ್ಲ, ಒಳಗಿನ ಗಾಳಿಗೆ ಉಸಿರು ಕಟ್ಟುತ್ತಿತ್ತು. 1876-78ರ ಬರ ಅಂಥ ಹಗೇವುಗಳನ್ನೂ ಬರಿದು ಮಾಡಿತು. ಆಮೇಲೆ ಬರದ ನಾಡಿಗೆ ಕಾಳು ಸಾಗಿಸಲು ರೈಲು ಬೇಕೆಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಮೇಲೆ ಹೋಗುವ ನಮ್ಮ ಹಳಿ ಹಾಕಿದ್ದು ಅದೇ ಕಂಪನಿ. ರೈಲು ಬಂತೆಂದು ಹಗೇವು ಮುಚ್ಚಿದೆವು. ಎರಡೂ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಹಂಚಿಟ್ಟದ್ದು ತಾಳುತ್ತದೆ ಎಂಬುದು ಜನರಿಗೂ ಸಲ್ಲುತ್ತದೆ. ಹೊಸರಿತ್ತಿ ಎಂದರೆ ನಾಡಿಗೆ 1943ರ ಏಪ್ರಿಲ್ 1 ನೆನಪಾಗುತ್ತದೆ. ಕಂದಾಯದ ಹಣ ಇಟ್ಟಿದ್ದ ಗುಡಿಯ ಹತ್ತಿರ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು. 1942ರ ಆಗಸ್ಟಿನಲ್ಲೇ ದೊಡ್ಡ ನಾಯಕರೆಲ್ಲ ಜೈಲಿನಲ್ಲಿದ್ದರು, ಆದರೂ ಎಂಟು ತಿಂಗಳಾದ ಮೇಲೂ ಸ್ವಾತಂತ್ರ್ಯ ಚಳವಳಿ ನಮ್ಮಂಥ ಹಳ್ಳಿಯಲ್ಲಿ ನಡೆದೇ ಇತ್ತು. ಮೇಲಿನ ಅಪ್ಪಣೆಗೆ ಕಾಯದ ಸಣ್ಣ ಸಣ್ಣ ತಂಡಗಳು ಅದನ್ನು ಹೊತ್ತಿದ್ದವು. ಒಂದೇ ತಲೆ ಇದ್ದಿದ್ದರೆ ಅದು ಮೊದಲ ದಿನವೇ ಮುಗಿಯುತ್ತಿತ್ತು.

ಈಗ ನೀನು ಮಾಡಬೇಕಾದ್ದು ಕೇಳು. ಹನಿ ನೀರಾವರಿ ಹಾಕು, ಬೇಡವೆನ್ನುವುದಿಲ್ಲ. ಹೈಬ್ರಿಡ್ಡೂ ಹಾಕು, ಅರ್ಧ ಹೊಲಕ್ಕೆ. ಉಳಿದ ಅರ್ಧದಲ್ಲಿ ಉಳ್ಳಾಗಡ್ಡಿ, ಹತ್ತಿ ಸೇರಿಸು. ಹೈಬ್ರಿಡ್ಡಿನಿಂದ ದೂರದ ಮೂಲೆಯಲ್ಲಿ ಡಬ್ಬಿ ಇರಲಿ, ಅದರ ಬೀಜವನ್ನು ನೀನೇ ಆರಿಸಿ ಇಡು. ಸಾಲ ಮಾಡುವಾಗ ಒಂದು ಬೆಳೆ ಪೂರ್ತಿ ಹೋದರೂ ಕಂತು ತುಂಬಲು ಬರುವಷ್ಟೇ ಮಾಡು. ದಲಾಲಿ ಅಂಗಡಿಯ ಉದ್ರಿಗೆ ಕೈ ಚಾಚಬೇಡ, ಅಲ್ಲಿ ಉದ್ರಿ ತಂದವನು ದರ ನೋಡಿ ಮಾರಲಾರ. ಬದುವಿನ ಬೇವನ್ನು ಮುಟ್ಟಬೇಡ.

ಹೊಲದ ಕೆಲಸದಷ್ಟೇ ಊರಿನ ಕೆಲಸವೂ ಇದೆ. ಮೃಗಶಿರ ಮಳೆ ಬರುವುದರೊಳಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳು. ಕೆರೆಯ ಕೋಡಿಯ ಮುಂದಿನ ಜಾಲಿಯನ್ನು ಯಾವಾಗ ಕಡಿಸುತ್ತೀರಿ? ಬಾಂದಾರದ ಹಲಗೆ ತೆಗೆಯುವ ಹೊಣೆ ಈ ವರ್ಷ ಯಾರದು? ತೆಗೆದ ಹಲಗೆಗಳನ್ನು ಎಲ್ಲಿಡುತ್ತೀರಿ, ಎಣಿಸಿಡುವವರು ಯಾರು? ನಾವು ಕೇಳಿದರೆ ಮುದುಕರ ಮಾತು ಎನ್ನುತ್ತಾರೆ. ಡಿಗ್ರಿ ಇರುವವನು, ಅಳತೆ ಬಲ್ಲವನು ಕೇಳಿದರೆ ನಡಾವಳಿಯಲ್ಲಿ ಬರೆದುಕೊಳ್ಳುತ್ತಾರೆ. ನಿನ್ನ ಜೊತೆ ಓದಿ ಊರಿಗೆ ಬಂದ ಹುಡುಗರನ್ನೂ ಕರೆದುಕೊಂಡು ಹೋಗು.